ಅತ್ತಿಬೆಲೆ ದಾಟಿ ಬಂದ ಚಂದಮಾಮ

ಪಠ್ಯಪುಸ್ತಕ ಬಿಟ್ಟರೆ ನಮ್ಮ ಶಾಲೆಯ ಮಕ್ಕಳು ಮೊದಲು ಓದುವ ಕನ್ನಡ ಬಸ್ಸಿನ ಬೋರ್ಡು. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಕೆಂಪು ಬಸ್ಸು ಬಂದು ನಿಂತರೆ ಸಾಕು, ಅಮ್ಮನ ಸೆರಗು ಹಿಡಿದ ಹುಡುಗ "ಬೆಂ-ಗ-ಳೂ-ರು" ಎಂದು ಕೂಗಿ ಓದುತ್ತಾನೆ. ಸುತ್ತಲಿನ ಅಂಗಡಿ, ಗೋಡೆ, ಮೈಲಿಗಲ್ಲು ಎಲ್ಲ ತಮಿಳಿನಲ್ಲಿ. ಅದು ಇರಬೇಕಾದದ್ದೇ, ಇದು ತಮಿಳುನಾಡು. ಆದರೆ ಮನೆಯಲ್ಲಿ ಆಡುವ ಮಾತು ಅಚ್ಚಿನಲ್ಲಿ ಹೇಗಿರುತ್ತದೆಂದು ನೋಡಲು ಮಗುವಿಗೆ ಬಸ್ಸಿನ ಹಣೆಯೊಂದೇ ಸಿಕ್ಕರೆ ಹೇಗೆ? ನಾನು ಪುಸ್ತಕ ಕೇಳಿಕೊಂಡು ಮನೆ ಮನೆ ಸುತ್ತಲು ಶುರುಮಾಡಿದ್ದು ಆ ಕೂಗು ಕೇಳಿಸಿಕೊಂಡ ಮೇಲೆ.

ಹೊಸೂರಿನಿಂದ ಬೆಂಗಳೂರಿಗೆ 40 ಕಿಲೋಮೀಟರು. ಜೂಜುವಾಡಿ ದಾಟಿದರೆ ಅತ್ತಿಬೆಲೆ, ಅಲ್ಲಿಂದಾಚೆ ಬೇಡವೆಂದರೂ ಕನ್ನಡ ಕಣ್ಣಿಗೆ ಬೀಳುತ್ತದೆ. ಭಾನುವಾರ ಎರಡು ಬಟ್ಟೆಚೀಲ ಹಿಡಿದು ಹೊರಡುತ್ತಿದ್ದೆ. ಬಸ್ಸಿನಲ್ಲಿ ಕೂತಾಗ ನನಗೆ ಗಳಗನಾಥರ ನೆನಪಾಗುತ್ತಿತ್ತು. ಅವರೂ ಮೇಷ್ಟರಾಗಿದ್ದವರು. ತಾವು ಬರೆದ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದುವವರು ಪುಸ್ತಕದ ಹತ್ತಿರ ಬರಲಿ ಎಂದು ಕಾಯದೆ ಪುಸ್ತಕವನ್ನೇ ಅವರ ಹೊಸ್ತಿಲಿಗೆ ಒಯ್ದ ಮನುಷ್ಯ. ಅವರ ಹೊರೆಯ ಮುಂದೆ ನನ್ನ ಚೀಲ ಎಷ್ಟರದು!

ಮೊದಲ ಸಲ "ನಿಮ್ಮನೇಲಿ ಹಳೇ ಪುಸ್ತಕ ಇದ್ರೆ ಕೊಡಿ" ಎಂದು ಕೇಳಿದೆ. ಕೊಟ್ಟರು, ಧಾರಾಳವಾಗಿಯೇ ಕೊಟ್ಟರು. ಸಿಇಟಿ ಗೈಡುಗಳು, ಹೋದ ವರ್ಷದ ಪಂಚಾಂಗ, ಯಾವುದೋ ಕಾಲದ ಕಂಪ್ಯೂಟರ್ ಪಾಠ, ಗೆದ್ದಲು ತಿಂದ ನಿಘಂಟಿನ ಅರ್ಧ. ಮನೆ ಖಾಲಿ ಮಾಡುವವರು ಗುಜರಿಯವನಿಗೆ ಕಟ್ಟಿಟ್ಟಿದ್ದ ಗಂಟನ್ನೇ ನನ್ನ ಕೈಗೆ ದಾಟಿಸಿದ್ದರು. ಅವರ ಮನಸ್ಸು ಕೆಟ್ಟದಲ್ಲ, ನಾನು ಕೇಳಿದ್ದು ಹಳೆಯದನ್ನು. ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ಗಂಟು ಬಿಚ್ಚಿದಾಗ ಒಬ್ಬಳು ಗೈಡಿನ ಪುಟ ತಿರುವಿ ತಿರುವಿ ಚಿತ್ರ ಹುಡುಕಿ, ಏನೂ ಹೇಳದೆ ಮುಚ್ಚಿ, ನೀಟಾಗಿ ವಾಪಸ್ ಇಟ್ಟಳು. ಆ ಮಗುವಿನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಕೇಳುವ ಮಾತನ್ನೇ ಬದಲಾಯಿಸಿದೆ. "ನೀವು ಹತ್ತು ವರ್ಷದವರಿದ್ದಾಗ ಏನು ಓದ್ತಿದ್ರಿ? ಅದು ಇನ್ನೂ ಇದೆಯಾ?" ಈ ಪ್ರಶ್ನೆ ಕೇಳಿದ ಕೂಡಲೆ ಜನ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಸ್ಟೂಲು ತಂದು ಅಟ್ಟ ಹತ್ತುತ್ತಾರೆ. ಅಟ್ಟದಿಂದ ಇಳಿದದ್ದು ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟಾಣಿ ಪುಸ್ತಕಗಳು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ 510 ಪುಸ್ತಕಗಳ ಮಾಲೆ ಅದು. ಒಂದೊಂದೂ ಚಡ್ಡಿಯ ಜೇಬಿನಲ್ಲಿ ಹಿಡಿಸುತ್ತದೆ, ಕೂತಲ್ಲೇ ಒಂದೇ ಸಲಕ್ಕೆ ಮುಗಿಯುತ್ತದೆ. ಪುಸ್ತಕ ಮುಗಿಸಿದೆ ಅನ್ನುವ ಸುಖ ಮಗುವಿಗೆ ಬೇಗ ಸಿಗಬೇಕು, ಅದಕ್ಕೆ ತೆಳ್ಳನೆಯ ಪುಸ್ತಕವೇ ಆಗಬೇಕು. ದಪ್ಪ ಕಾದಂಬರಿಗಳೂ ಬಂದವು. ಅವು ಮಕ್ಕಳನ್ನು ಕರೆದೊಯ್ಯಲು ಬರುವ ಅಕ್ಕಂದಿರಿಗೆ ಹೋಗುತ್ತವೆ.

ಇನ್ನು ಜೋಡಿಸುವುದು. ಇದಕ್ಕೆ ನನಗೆ ದಾರಿ ತೋರಿಸಿದ್ದು ತಮಿಳೇ. ತಮಿಳುನಾಡಿನ ಶಾಲೆಗಳಲ್ಲಿ 2023ರಿಂದ 'ವಾಸಿಪ್ಪು ಇಯಕ್ಕಂ' ಎಂಬ ಓದಿನ ಚಳವಳಿ ನಡೆದಿದೆ. ಅದರ ಕಿರುಪುಸ್ತಕಗಳಿಗೆ ನಾಲ್ಕು ಹಂತ: ನುಳೈ, ನಡ, ಓಡು, ಪರ. ಒಳಗೆ ಬಾ, ನಡೆ, ಓಡು, ಹಾರು. ಎಷ್ಟು ಚೆಂದದ ಹೆಸರುಗಳು! ನಮ್ಮ ಮಕ್ಕಳು ಅವನ್ನೂ ಓದುತ್ತಾರೆ. 2006ರ ಕಾಯ್ದೆ ಬಂದ ಮೇಲೆ ಇಲ್ಲಿ ಒಂದನೇ ಕ್ಲಾಸಿನಿಂದಲೇ ತಮಿಳು ಕಡ್ಡಾಯವಾಗಿದ್ದರಿಂದ ಎರಡು ಲಿಪಿ ಅವರಿಗೆ ಎರಡು ಕೈ ಇದ್ದ ಹಾಗೆ. ನಾನು ಕನ್ನಡ ಪುಸ್ತಕಗಳಿಗೂ ಅದೇ ನಾಲ್ಕು ಹಂತದ ಚೀಟಿ ಅಂಟಿಸಿದೆ. "ಮಿಸ್, ಓಡು ಅಂದ್ರೆ ಎರಡ್ರಲ್ಲೂ ಓಡೇ!" ಎಂದು ಒಬ್ಬ ಕುಣಿದ. ತಮಿಳಿನ 'ಪರ'ಕ್ಕೆ ಹಳಗನ್ನಡದ 'ಪಾರು' ನಂಟು, ಅದೇ ಇವತ್ತಿನ 'ಹಾರು' ಎಂದು ಹೇಳಿದೆ. ಆವತ್ತಿನ ವ್ಯಾಕರಣ ಪಾಠ ಅಲ್ಲೇ ಮುಗಿಯಿತು.

ಬೀರು ಇಲ್ಲ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದಂತೆ ಪುಸ್ತಕ ತೂಗುಹಾಕಿದ್ದೇವೆ. ಹಳೇ ಕ್ಯಾಲೆಂಡರಿನ ಹೊದಿಕೆ, ಪುಟದ ನಡುವೆ ಬೇವಿನೆಲೆ. ಪುಸ್ತಕ ಕೊಡುವ ನೋಟ್‌ಬುಕ್ಕು ಮಕ್ಕಳ ಕೈಯಲ್ಲೇ ಇದೆ. ಕಳೆದು ಹೋಗುತ್ತವೆ, ಹರಿಯುತ್ತವೆ, ಹೋಗಲಿ. ಹರಿಯುವಷ್ಟು ಓದಿದರಲ್ಲ.

ಜಯನಗರದ ಕಡೆಯ ಒಬ್ಬ ಹಿರಿಯರು ಕೊಟ್ಟದ್ದು ದಾರದಲ್ಲಿ ಹೊಲಿದ ಚಂದಮಾಮದ ಕಟ್ಟು. ಕೊಡುವ ಮೊದಲು ಎರಡು ಸಲ ಒಳಗೆ ಹೋಗಿ ಬಂದರು, ಕೊಡಲೋ ಬೇಡವೋ ಎಂದು. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ, ಮದರಾಸಿನಿಂದ. ನಡೆಸಿದ ನಾಗಿರೆಡ್ಡಿ, ಚಕ್ರಪಾಣಿ ತೆಲುಗರು. ಹೆಗಲ ಮೇಲೆ ಶವ ಹೊತ್ತ ವಿಕ್ರಮನ ಚಿತ್ರ ಬರೆದ ಶಂಕರ್ ತಮಿಳರು, 2020ರಲ್ಲಿ ತೀರಿಕೊಂಡರು. ಓದಿದ್ದು ಕನ್ನಡದ ಮಕ್ಕಳು. ಮೂರೂ ಭಾಷೆ ಕೇಳಿಬರುವ ನಮ್ಮ ಹೊಸೂರಿನ ಬೀದಿಯೇ ಪುಸ್ತಕವಾದಂತೆ! ತಮಿಳುನಾಡಿನಲ್ಲಿ ಅಚ್ಚಾಗಿ ಬೆಂಗಳೂರಿಗೆ ಹೋದ ಕನ್ನಡ, ಇಷ್ಟು ವರ್ಷದ ಮೇಲೆ ನನ್ನ ಬಟ್ಟೆಚೀಲದಲ್ಲಿ ಅತ್ತಿಬೆಲೆ ದಾಟಿ ತಮಿಳುನಾಡಿಗೆ ಮರಳಿತು. ಬಸ್ಸಿನಲ್ಲಿ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಮರುದಿನ ಬೇತಾಳನ ಕಥೆ ಗಟ್ಟಿಯಾಗಿ ಓದಿದೆ. ಬೇತಾಳ ಪ್ರಶ್ನೆ ಕೇಳಿದ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಿಡಿದು ಹೋಗುತ್ತದೆ ಅಂದ. ಹಾಳೆ ತಿರುವಿದರೆ ಮುಂದಿನ ಪುಟವೇ ಇಲ್ಲ. ಮಕ್ಕಳು ಸುಮ್ಮನೆ ಬಿಡುತ್ತಾರೆಯೇ? ಒಬ್ಬ ರಾಜನ ಪರ, ಇಬ್ಬರು ಕಳ್ಳನ ಪರ. ಗೈಡು ಮುಚ್ಚಿಟ್ಟಿದ್ದ ಅದೇ ಹುಡುಗಿ ಎದ್ದು ನಿಂತು ಮೂರನೆಯದೇ ಒಂದು ನ್ಯಾಯ ಹೇಳಿದಳು. ಊಟದ ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ.

ಸಂಜೆ ಆ ಹಿರಿಯರಿಗೆ ಫೋನು ಮಾಡಿ, "ಸಾರ್, ಆ ಕಥೆಯ ಕೊನೇ ಪುಟ ಹೋಗಿದೆ. ವಿಕ್ರಮ ಏನು ಹೇಳಿದ, ನೆನಪಿದೆಯಾ?" ಅಂದೆ.

ಅವರು ತುಂಬ ಹೊತ್ತು ಯೋಚಿಸಿದರು.

"ಇಲ್ಲಮ್ಮ, ಮರೆತೇ ಹೋಗಿದೆ. ಮಕ್ಕಳು ಏನು ಹೇಳಿದ್ರು? ಒಬ್ಬೊಬ್ರದೂ ಹೇಳಿ."