ದೋಣಿಗೂ ಒಂದು ಗಾಡಿ

ಕೊಚ್ಚಿಯ ಸೀಮೆಯಲ್ಲಿ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಬಯಲುಸೀಮೆಯಿಂದ ನಮ್ಮ ನೆಂಟರಿಷ್ಟರು ಬಂದಾಗ, "ಇಷ್ಟೊಂದು ನೀರಿಟ್ಟುಕೊಂಡು ನೀವೆಲ್ಲ ಏನು ಮಾಡುತ್ತೀರಿ?" ಎಂದು ಕೇಳುವುದುಂಟು. ಒಂದು ಕಾಲದಲ್ಲಿ ಈ ನಾಡಿನವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಅಕ್ಕಿಯ ಮೂಟೆ, ತೆಂಗಿನಕಾಯಿ, ಹೆಂಚು, ಮದುವೆಯ ದಿಬ್ಬಣ, ಎಲ್ಲವೂ ವಳ್ಳದಲ್ಲಿಯೇ ಹೋಗುತ್ತಿದ್ದವು. ವಳ್ಳವೆಂದರೆ ಇಲ್ಲಿಯ ನಾಡದೋಣಿ. ಈಗ ಮೂಟೆ ಲಾರಿ ಹತ್ತಿದೆ, ದಿಬ್ಬಣ ಬಸ್ಸು ಹತ್ತಿದೆ. ದೋಣಿ ಕಡವಿನಲ್ಲಿ ಮಗುಚಿಕೊಂಡು ಮಲಗಿದೆ.

ನಮ್ಮ ತ್ರಿಪ್ಪುಣಿತ್ತುರವನ್ನೇ ನೋಡಿ. ಕೊಚ್ಚಿಯ ಅರಸರು ಬಾಳಿದ ಊರು. ಅವರು 1865ರಲ್ಲಿ ಕಟ್ಟಿಸಿದ ಗುಡ್ಡದ ಅರಮನೆ ಈಗ ವಸ್ತುಸಂಗ್ರಹಾಲಯ. ಪೂರ್ಣತ್ರಯೀಶನ ಗುಡಿಯ ಉತ್ಸವಕ್ಕೆ ಇಂದಿಗೂ ಊರಿಗೆ ಊರೇ ಸೇರುತ್ತದೆ. 2024ರ ಮಾರ್ಚ್ 6ರಿಂದ ಮೆಟ್ರೋ ರೈಲೂ ಇಲ್ಲಿಯವರೆಗೆ ಬಂದಿದೆ. ಇತ್ತ ಪಕ್ಕದಲ್ಲಿಯೇ ಚಂಬಕ್ಕರ ಕಾಲುವೆ. 1993ರಲ್ಲಿ ಅದನ್ನು ರಾಷ್ಟ್ರೀಯ ಜಲಮಾರ್ಗಕ್ಕೆ ಸೇರಿಸಿದರು. ನೀರಿಗೆ ಇಲ್ಲಿ ಬರವಿಲ್ಲ. ಆದರೂ ಒಂದು ಕಡೆಯ ದೋಣಿ ಇನ್ನೊಂದು ಕಡೆಯ ನೀರಿಗೆ ತುರ್ತಾಗಿ ಹೋಗಬೇಕಾದರೆ ನೆಲದ ದಾರಿಯೇ ಗತಿ. ಇದು ವಿಚಿತ್ರವಾಗಿ ಕಂಡೀತು. ಆದರೆ 2018ರಲ್ಲಿ ಈ ನಾಡೆಲ್ಲ ಇದನ್ನು ಕಣ್ಣಾರೆ ಕಂಡಿತು.

ಆ ವರ್ಷ ಆಗಸ್ಟ್ 9ರಂದು ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲನ್ನು 26 ವರ್ಷಗಳ ಮೇಲೆ ತೆರೆದರು. 15ರಂದು ಅತ್ತಂ. ತ್ರಿಪ್ಪುಣಿತ್ತುರದಲ್ಲಿ ಓಣಂ ಹಬ್ಬದ ಸಡಗರ ಮೊದಲಾಗುವುದೇ ಆ ದಿನದ ಅತ್ತಚ್ಚಮಯದ ಮೆರವಣಿಗೆಯಿಂದ. ಅದೇ ದಿನ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣದೊಳಗೆ ನೀರು ನುಗ್ಗಿ ವಿಮಾನಗಳು ನಿಂತವು. ಮತ್ತೆ ಹಾರಿದ್ದು 29ಕ್ಕೆ. ಪೆರಿಯಾರ್ ನದಿ ಆಲುವಾ, ಪರವೂರು ಕಡೆಯ ಬೀದಿಗಳಲ್ಲಿ ಹರಿಯಿತು. ಸರ್ಕಾರ ಓಣಂ ಸಮಾರಂಭಗಳನ್ನು ಕೈಬಿಟ್ಟಿತು. ಅದೇ ವಾರ ನಮ್ಮ ಕೊಡಗಿನಲ್ಲಿಯೂ ಗುಡ್ಡಗಳು ಜರಿದು ಮನೆ ತೋಟಗಳು ಹೋದವು. ಇಲ್ಲಿಯ ಕನ್ನಡಿಗರು ಎರಡು ಕಡೆಯ ಸುದ್ದಿಗೂ ಕಿವಿಗೊಟ್ಟು ಕುಳಿತಿದ್ದುದನ್ನು ಓದುಗರು ಮರೆತಿರಲಾರರು.

ಆಗ ಕಾಪಾಡಿದವರು ಕಡಲಿನ ಮೀನುಗಾರರು. ಕೊಲ್ಲಂ, ತಿರುವನಂತಪುರ, ಆಲಪ್ಪುಳ ಮೊದಲಾದ ಕರಾವಳಿಯಿಂದ ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಚೆಂಗನ್ನೂರಿಗೆ, ಆಲುವಾಕ್ಕೆ, ಚಾಲಕ್ಕುಡಿಗೆ ಬಂದರು. 600ಕ್ಕೂ ಹೆಚ್ಚು ದೋಣಿಗಳು, 4,000ಕ್ಕೂ ಹೆಚ್ಚು ಮೀನುಗಾರರು. ಅವರು ದಡ ಸೇರಿಸಿದ ಜನ 60,000ಕ್ಕೂ ಮೇಲೆ. ಹೆಂಗಸರು ದೋಣಿ ಹತ್ತಲೆಂದು ಒಬ್ಬ ಮೀನುಗಾರ ನೀರಿನಲ್ಲಿ ಮಂಡಿಯೂರಿ ತನ್ನ ಬೆನ್ನನ್ನೇ ಮೆಟ್ಟಿಲಾಗಿ ಒಡ್ಡಿದ ಚಿತ್ರವನ್ನು ದೇಶವೆಲ್ಲ ನೋಡಿತು. ಆಲುವಾ ಕಡೆಯಲ್ಲಿದ್ದ ನಮ್ಮ ಬಳಗದ ಎರಡು ಸಂಸಾರಗಳು ಮಹಡಿಯ ಮೇಲೆ ಎರಡು ರಾತ್ರಿ ಕಳೆದು, ಮೂರನೆಯ ದಿನ ಇಳಿದು ಬಂದದ್ದೂ ಇಂಥ ಒಂದು ದೋಣಿಯಲ್ಲಿಯೇ. ಅಂಬಿಗ ಬಲವಂತಕ್ಕೂ ಕಾಸು ಮುಟ್ಟಲಿಲ್ಲವಂತೆ.

ಅಂದಿನಿಂದ ಮಳೆಗಾಲ ಹತ್ತಿರವಾದಾಗಲೆಲ್ಲ ಸಂಘದಲ್ಲಿ ಒಂದು ಮಾತು ಏಳುತ್ತದೆ: "ನಾವೇ ಒಂದು ಚಿಕ್ಕ ದೋಣಿ ಇಟ್ಟುಕೊಂಡರೆ ಹೇಗೆ?" ದೋಣಿ ಕೊಳ್ಳಬಹುದು, ಇಡಲು ಜಾಗವೂ ದೊರೆತೀತು. ಆದರೆ ನೀರು ಬಂದ ಕಡೆಗೆ ಅದನ್ನು ಒಯ್ಯುವವರಾರು? ಆ ಹೊತ್ತಿನಲ್ಲಿ ಲಾರಿ ಎಲ್ಲಿ ಸಿಗಬೇಕು? ಇದಕ್ಕೆ ಉತ್ತರ ಕೊಟ್ಟವರು ಹೋಟೆಲ್ ನಡೆಸುವ ನಮ್ಮ ಕಾರ್ಕಳದ ಕಡೆಯ ಮಿತ್ರರು. ಅವರಲ್ಲಿ ಒಂದು ಹಳೆಯ ಮಾರುತಿ ಜಿಪ್ಸಿ ಇದೆ. ಮೀನಿನ ಗಾಳದ ಹವ್ಯಾಸಕ್ಕೆಂದು ಹನ್ನೆರಡು ಅಡಿಯ ಫೈಬರ್ ದೋಣಿಯೂ ಅದನ್ನು ಹೊರುವ ಎರಡು ಚಕ್ರದ ಟ್ರೈಲರೂ ಇವೆ. "ಸಭೆಯಲ್ಲಿ ವಾದ ಮಾಡಿದರೆ ಏನು ತಿಳಿದೀತು? ಭಾನುವಾರ ಬನ್ನಿ, ಪೂತ್ತೋಟ್ಟಕ್ಕೆ ಎಳೆದುಕೊಂಡು ಹೋಗೋಣ" ಎಂದರು. ಸರಿಯೆಂದೆವು. ಮನೆಯವರು ಪುಳಿಯೋಗರೆ ಕಟ್ಟಿಕೊಟ್ಟರು. ಮಕ್ಕಳಿಬ್ಬರೂ ಹೊರಟು ನಿಂತರು.

ಜಿಪ್ಸಿಯ ವಿಷಯ ಒಂದೆರಡು ಮಾತು ಹೇಳಬೇಕು. 1985ರ ಕೊನೆಯಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಮೂವತ್ತು ವರ್ಷಕ್ಕೂ ಮಿಕ್ಕಿ ಸೈನ್ಯದಲ್ಲಿಯೂ ಪೊಲೀಸಿನಲ್ಲಿಯೂ ದುಡಿದ ಗಾಡಿ ಇದು. ತೂಕ ಸುಮಾರು ಒಂದು ಸಾವಿರ ಕಿಲೋ ಮಾತ್ರ. ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಇದರ ಮೈ ಕೂತಿದೆ. ಎಳೆಯುವ ಕೊಂಡಿಯನ್ನು ಆ ಚೌಕಟ್ಟಿಗೇ ಬಿಗಿಯಬಹುದು. ಬೇಕೆಂದಾಗ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಜೀಪಿನ ಹಿಂದೆ ಕಾಲು ಟನ್ನಿನ ಒಂದು ಪುಟ್ಟ ಟ್ರೈಲರ್ ಇರುತ್ತಿತ್ತು. ಹೊಳೆ ಅಡ್ಡ ಬಂದರೆ ತೇಲಿ ದಾಟುವಂತೆಯೇ ಅದನ್ನು ಮಾಡಿದ್ದರು. ಚಿಕ್ಕ ಗಾಡಿ, ಚಿಕ್ಕ ಟ್ರೈಲರು, ನೀರು, ಈ ಮೂರರ ನೆಂಟಸ್ತನ ಹಳೆಯದೇ ಎನ್ನಬೇಕು.

ಹೊರಡುವ ಮುಂಚೆ ಮಿತ್ರರು ಅರ್ಧ ಗಂಟೆ ದೋಣಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರು. ಕಾರಣ ಕೇಳಿದೆವು. "ಎತ್ತಿನ ಗಾಡಿ ಹೇರುವುದನ್ನು ನೋಡಿಲ್ಲವೆ?" ಎಂದರು. ನೋಡಿದ್ದೆವು. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೈಲರಿನದೂ ಅದೇ ಲೆಕ್ಕ. ಒಟ್ಟು ಭಾರದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಕೊಂಡಿಯ ಮೇಲೆ ಕೂರಬೇಕು. ಕಡಮೆಯಾದರೆ ವೇಗದಲ್ಲಿ ಟ್ರೈಲರು ಹಾವಿನ ಬಾಲದಂತೆ ಆಡತೊಡಗಿ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ಮೋಟಾರು ಬಂದರೂ ನೊಗದ ಶಾಸ್ತ್ರ ಬದಲಾಗಿಲ್ಲ!

ಕೊಂಡಿ ಕಳಚಿದರೂ ಟ್ರೈಲರು ಓಡಿಹೋಗದಂತೆ ಎರಡು ಸರಪಳಿಗಳನ್ನು ಕತ್ತರಿಯಾಗಿ ಬಿಗಿದರು. ಹಿಂದಿನ ದೀಪಗಳನ್ನು ಹಚ್ಚಿ ನೋಡಿದರು. ಟ್ರೈಲರಿಗೂ ನೋಂದಣಿಯುಂಟು, ಸಂಖ್ಯೆಯ ಫಲಕವುಂಟು. ಎಂಜಿನ್ನಿರುವ ದೋಣಿಗೆ 2021ರ ಒಳನಾಡು ಹಡಗುಗಳ ಕಾನೂನಿನಂತೆ ಬೇರೆ ನೋಂದಣಿ. ಗುಮಾಸ್ತರಾದ ನಮಗೆ ಈ ಭಾಗ ಮಾತ್ರ ಚೆನ್ನಾಗಿ ಅರ್ಥವಾಯಿತೆನ್ನಿ.

ಪೂತ್ತೋಟ್ಟಕ್ಕೆ ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು. ವೈಕಂ ಕಡೆಗೆ ಹೋಗುವ ರಾಜ್ಯ ಹೆದ್ದಾರಿ. ನಡಕ್ಕಾವು ಕಳೆದರೆ ಉದಯಂಪೇರೂರು. 1599ರಲ್ಲಿ ಪೋರ್ಚುಗೀಸರ ಆರ್ಚ್‌ಬಿಷಪ್ ಇಲ್ಲಿಯ ಕ್ರೈಸ್ತರ ಮಹಾಸಭೆಯನ್ನು ಕೂಡಿಸಿದ ಚರಿತ್ರಪ್ರಸಿದ್ಧ ಸ್ಥಳ. ರಸ್ತೆ ಅಗಲವಿಲ್ಲ. ಎರಡು ಕಡೆಯೂ ಅಂಗಡಿ, ತೆಂಗು, ಮನೆ. ಎದುರಿಗೆ ಬಸ್ಸು ಬಂದರೆ ಅದಕ್ಕೆ ನಮ್ಮ ಹಿಂದೆ ದೋಣಿ ಇರುವುದು ಕಾಣದು; ಕಂಡರೂ ದಯೆಯಿಲ್ಲ. ಮಿತ್ರರು ಮುಂದಿನ ವಾಹನಕ್ಕೂ ನಮಗೂ ಎಂದಿನದಕ್ಕೆ ಎರಡರಷ್ಟು ಅಂತರ ಬಿಟ್ಟು, ತಿರುವುಗಳಲ್ಲಿ ಅಗಲವಾಗಿ ಸುತ್ತಿ, ನಲವತ್ತಕ್ಕಿಂತ ಮೇಲೆ ಮುಳ್ಳು ಏರದಂತೆ ನಡೆಸಿದರು. ಹಿಂದಿನ ಆಟೋಗಳು ಹಾರನ್ನು ಬಾರಿಸಿ ನಮ್ಮ ತಾಳ್ಮೆಯನ್ನು ಪರೀಕ್ಷಿಸಿದವು.

"ಇಷ್ಟು ನಿಧಾನವೇಕೆ? ಎಂಜಿನ್ನಿಗೆ ಬಲ ಸಾಲದೆ?" ಎಂದು ನಮ್ಮ ದೊಡ್ಡ ಹುಡುಗ ಕೇಳಿದ. ಮಿತ್ರರ ಉತ್ತರವನ್ನು ಓದುಗರು ಗಮನಿಸಬೇಕು. ಎಳೆಯುವುದು ಎಂಜಿನ್ನಿನ ಕೆಲಸ, ಅದು ಸುಲಭ. ನಿಲ್ಲಿಸುವುದು ಬ್ರೇಕಿನ ಕೆಲಸ, ಕಷ್ಟವೆಲ್ಲ ಅಲ್ಲಿದೆ. ಜಿಪ್ಸಿಯ ವಂಶದಲ್ಲಿಯೇ ಈಚೆಗೆ ಬಂದ ಗಾಡಿ ಜಿಮ್ನಿ. ಯೂರೋಪಿನಲ್ಲಿ ಮಾರಿದ ಮೂರು ಬಾಗಿಲಿನ ಜಿಮ್ನಿಗೆ ತಯಾರಕರು ಕೊಟ್ಟಿರುವ ಮಿತಿ ಹೀಗಿದೆ: ಟ್ರೈಲರಿಗೆ ತನ್ನದೇ ಬ್ರೇಕಿದ್ದರೆ 1,300 ಕಿಲೋ, ಇಲ್ಲದಿದ್ದರೆ 350 ಕಿಲೋ. ಗಾಡಿ ಒಂದೇ, ಎಂಜಿನ್ನು ಒಂದೇ, ಕೊಂಡಿ ಒಂದೇ. ಬ್ರೇಕೊಂದು ಇಲ್ಲವಾದುದಕ್ಕೆ ಹೊರೆ ಮೂರನೆಯ ಒಂದು ಭಾಗಕ್ಕೂ ಕೆಳಗಿಳಿಯಿತು! ಗಾಡಿಯನ್ನು ನಿಲ್ಲಿಸಿದರೂ ಹಿಂದಿನ ಹೊರೆ ನಿಲ್ಲಲೊಪ್ಪದೆ ದೂಡುತ್ತದೆ. ಮಳೆಯಲ್ಲಿ ನೆನೆದ ರಸ್ತೆಯಾದರೆ ಕೇಳಬೇಕೆ? ಮಿತ್ರರ ಟ್ರೈಲರಿಗೆ ಬ್ರೇಕಿಲ್ಲ. ಆದ್ದರಿಂದ ಅವರು ದೋಣಿ, ಎಂಜಿನ್ನು, ಪೆಟ್ರೋಲು, ಲಂಗರು, ಟ್ರೈಲರು ಎಲ್ಲವನ್ನೂ ತೂಗಿಸಿ, ಮುನ್ನೂರು ಕಿಲೋ ಮೀರದಂತೆ ಇಟ್ಟುಕೊಂಡಿದ್ದಾರೆ. ನಮ್ಮ ಪುಳಿಯೋಗರೆಯ ಡಬ್ಬಿಯೂ ಗಾಡಿಯೊಳಗೆ ಕೂತಿತೇ ಹೊರತು ದೋಣಿಯೊಳಗಲ್ಲ.

ಪೂತ್ತೋಟ್ಟ ತಲಪಿದಾಗ ವೇಂಬನಾಡು ಕಾಯಲು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಉದ್ದ ಸುಮಾರು 96 ಕಿಲೋಮೀಟರು; ಇದನ್ನು ಸರೋವರವೆನ್ನುವುದೋ ಸಮುದ್ರದ ಮಗಳೆನ್ನುವುದೋ ತಿಳಿಯದು. ಎದುರಿಗೆ ಪೆರುಂಬಳಂ ದ್ವೀಪ. ಜಲಸಾರಿಗೆ ಇಲಾಖೆಯ ದೋಣಿ ಜನರನ್ನು ಇಳಿಸಿ ಹತ್ತಿಸಿಕೊಳ್ಳುತ್ತಿತ್ತು. ಸ್ವಲ್ಪ ದೂರದಲ್ಲಿ ಪರಿಚಯದವರ ತೋಟದಂಚಿಗೆ ಕಲ್ಲು ಹಾಸಿದ ಒಂದು ಇಳಿಜಾರು ಕಡವಿತ್ತು. ಅಲ್ಲಿ ದೋಣಿ ಇಳಿಸುವುದೆಂದಾಯಿತು.

ಇಲ್ಲಿ ಕಂಡದ್ದೇ ದಿನದ ದೊಡ್ಡ ಪಾಠ. ಟ್ರೈಲರನ್ನು ಹಿಂದಕ್ಕೆ ನಡೆಸುವಾಗ ಎಲ್ಲವೂ ತಿರುಗುಮುರುಗು. ಟ್ರೈಲರು ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಅದು ತಿರುಗತೊಡಗಿತೋ, ಕೂಡಲೇ ಎಡಕ್ಕೆ ತಂದು ಹಿಂಬಾಲಿಸಬೇಕು. ಟ್ರೈಲರು ಚಿಕ್ಕದಾದಷ್ಟೂ ಬೇಗ ಮುರಿದು ನಿಲ್ಲುತ್ತದೆ. ಮಿತ್ರರು ಎರಡು ಸಲ ಮುಂದಕ್ಕೆ ತಂದು ಮೂರನೆಯ ಸಲ ನೇರವಾಗಿ ಇಳಿಸಿದರು.

ನೀರಿನಂಚಿನಲ್ಲಿ ನಿಲ್ಲಿಸಿ, "ಈಗ ಪುಳಿಯೋಗರೆ" ಎಂದರು. ಮಕ್ಕಳಿಗೆ ಸಂತೋಷ, ನಮಗೆ ಆಶ್ಚರ್ಯ. ಅದಕ್ಕೂ ಕಾರಣವಿತ್ತು. ಓಡಿ ಬಂದ ಚಕ್ರದ ಗುಂಬ ಬಿಸಿಯಾಗಿರುತ್ತದೆ. ಆ ಬಿಸಿಯಲ್ಲಿಯೇ ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸು ಕೆಟ್ಟು ಬೇರಿಂಗು ತುಕ್ಕು ಹಿಡಿಯುತ್ತದೆ. ಊಟ ಮುಗಿಯುವಷ್ಟರಲ್ಲಿ ಗುಂಬ ಆರಿತು. ದೀಪದ ತಂತಿ ಕಳಚಿ, ಎಲ್ಲರಿಗೂ ತೇಲುವ ಜಾಕೀಟು ತೊಡಿಸಿ, ದೋಣಿಯನ್ನು ಇಳಿಸಿ ಒಂದು ಗಂಟೆ ಕಾಯಲಿನಲ್ಲಿ ಸುತ್ತಿದೆವು. ಚೀನೀ ಬಲೆಗಳು, ನೀರುಕಾಗೆಗಳು, ದೂರದಲ್ಲಿ ತೆಂಗಿನ ಸಾಲು. ಮಕ್ಕಳು ಮಾತೇ ಆಡಲಿಲ್ಲ. ಅದೇ ಅವರ ಮೆಚ್ಚುಗೆ.

ಮರಳಿ ಏರಿಸುವಾಗ ಪುಟ್ಟ ಗಾಡಿಯ ಮಹಿಮೆ ಕಂಡಿತು. ಕಲ್ಲಿನ ಮೇಲೆ ಪಾಚಿ. ದೋಣಿಯ ಭಾರ ಹಿಂದಕ್ಕೆ ಜಗ್ಗುತ್ತಿದೆ. ಹಿಂದಿನ ಎರಡು ಚಕ್ರ ಮಾತ್ರ ತಿರುಗಿದರೆ ಅವು ನಿಂತಲ್ಲೇ ಸುತ್ತುತ್ತವೆ. ಮಿತ್ರರು ನಾಲ್ಕು ಚಕ್ರವನ್ನೂ ಜೋಡಿಸಿ, ಕೆಳದರ್ಜೆಯ ಗೇರಿಗೆ ಹಾಕಿದರು. ಗಾಡಿ ಮುದಿ ಎತ್ತಿನಂತೆ ಅವಸರವಿಲ್ಲದೆ, ಒಂದೊಂದೇ ಗೇಣು ಮೇಲೇರಿ ಬಂತು. ಡಾಂಬರು ರಸ್ತೆ ಸೇರಿದೊಡನೆ ಆ ಜೋಡಣೆಯನ್ನು ಬಿಡಿಸಿದರು. ಒಣ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಜೋಡಣೆ ಹಾಗೆಯೇ ಇದ್ದರೆ ಗೇರುಗಳು ಹೆಣೆದುಕೊಂಡು ನಲುಗುತ್ತವೆ.

ಮನೆಗೆ ಬಂದಮೇಲೆ ಟ್ರೈಲರಿಗೆ ಸಿಹಿನೀರಿನ ಸ್ನಾನ. ಕಾಯಲಿನ ಈ ಭಾಗ ತಣ್ಣೀರ್ಮುಕ್ಕಂ ಕಟ್ಟೆಯಿಂದ ಉತ್ತರಕ್ಕಿದೆ. ಕಟ್ಟೆಯ ದಕ್ಷಿಣದ ಗದ್ದೆಗಳಿಗೆ ಉಪ್ಪುನೀರು ತಡೆಯುತ್ತಾರೆ, ಇತ್ತ ಕಡಲಿನ ಉಪ್ಪು ಬಂದೇ ಬರುತ್ತದೆ. ತೊಳೆಯದಿದ್ದರೆ ಕಬ್ಬಿಣ ಉಳಿಯದು.

ಇನ್ನು ಸಂಘದ ಮಾತು. ನಾವು ಟಿಪ್ಪಣಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ; ಅದರ ಸಾರ ಇಷ್ಟು. ಕಡಲಿನ ಮೀನುಗಾರರ ದೊಡ್ಡ ದೋಣಿಗೆ ಇಂಥ ಗಾಡಿ ಸಾಲದು. ಅದಕ್ಕೆ ಲಾರಿಯೇ ಬೇಕು. ನೀರು ಸೆಳೆಯುವ ಹೊಳೆಯಲ್ಲಿ ಅಂಬಿಗತನ ಮಾಡುವ ಧೈರ್ಯವೂ ನಮಗೆ ಬೇಡ. ಅದು ಅವರ ವಿದ್ಯೆ. ಆದರೆ ನಿಂತ ನೀರಿನ ಬೀದಿಯಲ್ಲಿ ಮುದುಕರನ್ನು, ಕೂಸುಗಳನ್ನು, ಔಷಧವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಲು ಹಗುರವಾದ ದೋಣಿ ಸಾಕು, ಪುಟ್ಟ ಗಾಡಿಯೂ ಸಾಕು. ಒಪ್ಪಬೇಕಾದ ಷರತ್ತುಗಳು ಎರಡು. ಟ್ರೈಲರಿಗೆ ಬ್ರೇಕಿರಬೇಕು, ಇಲ್ಲದಿದ್ದರೆ ಮಿತ್ರರಂತೆ ತೂಕದ ಮಿತಿಯೊಳಗೆ ಇರಬೇಕು. ಮತ್ತು ದೋಣಿ ಕೊಳ್ಳುವ ಮುಂಚೆ ನಮ್ಮಲ್ಲಿ ನಾಲ್ವರಾದರೂ ಅದನ್ನು ಹಿಂದಕ್ಕೆ ನಡೆಸುವುದನ್ನು, ಹೇರುವುದನ್ನು, ನಿಲ್ಲಿಸುವುದನ್ನು ಬೇಸಿಗೆಯಲ್ಲಿಯೇ ಕಲಿಯಬೇಕು. ಜೂನಿನ ಮೊದಲ ಮೋಡ ಕಂಡಮೇಲೆ ಕಲಿಯುವ ವಿದ್ಯೆಯಲ್ಲ ಇದು.

ಕಲಿಸಲು ಮಿತ್ರರು ಸಿದ್ಧರಿದ್ದಾರೆ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹೊರಡುವುದು. ಬುತ್ತಿ ಅವರವರದೇ.