ಕುಕ್ಕರ್ ಸೀಟಿ ಹಾಕದಿದ್ದರೆ...

ನಮ್ಮ ನೆಲೋಗಿ ಇರುವುದು ತೊಗರಿಯ ನಾಡಿನಲ್ಲಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿಬೇಳೆ ನಮ್ಮ ಜಿಲ್ಲೆಯದೇ. ಬೇಳೆಯಿಲ್ಲದ ಊಟ ಇಲ್ಲಿ ಊಟವೇ ಅಲ್ಲ. ಆದರೆ ಬೇಳೆ ಬೇಯದಿದ್ದರೆ ಮೊದಲು ಮಾತು ಕೇಳಬೇಕಾದವಳು ಮನೆಯ ಸೊಸೆ. ಕುಕ್ಕರನ್ನು ಯಾರೂ ಕೇಳುವುದಿಲ್ಲ.

ಪರಿಚಯದ ಮನೆಯೊಂದರಲ್ಲಿ ಹೀಗೇ ಆಯಿತು. ಅರ್ಧ ಗಂಟೆಯಾದರೂ ಸೀಟಿಯಿಲ್ಲ, ಸಿಲಿಂಡರ್ ಮಾತ್ರ ಬೇಗ ಖಾಲಿ. ಮುಚ್ಚಳದ ಸೇಫ್ಟಿ ವಾಲ್ವಿನಿಂದ ಹಬೆ ಸೋರುತ್ತಿತ್ತು. ರಿಪೇರಿಯವನು ಅದಕ್ಕೆ ಅಂಟು ಮೆತ್ತಿ ಕೊಟ್ಟ. ಸೀಟಿ ಬಂತು, ಎಲ್ಲರಿಗೂ ಸಮಾಧಾನ. ಸೊಸೆ ಮಾತ್ರ ನನ್ನ ಬಳಿ ಬಂದು, "ಆಪಾ, ಒಲೆಯ ಹತ್ತಿರ ನಿಲ್ಲಲು ಹೆದರಿಕೆಯಾಗುತ್ತದೆ" ಎಂದಳು.

ಅವಳ ಹೆದರಿಕೆ ನ್ಯಾಯವಾದದ್ದೇ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಹಬೆಯನ್ನು ಕಟ್ಟಿಹಾಕಿದರೆ ಒಳಗಿನ ಬಿಸಿ 120 ಡಿಗ್ರಿಯವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಅದರಿಂದಲೇ. 1679ರಲ್ಲಿ ಇಂಥ ಪಾತ್ರೆಯನ್ನು ಮೊದಲು ರೂಪಿಸಿದ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ, ಅದು ಸಿಡಿಯದಂತೆ ಹಬೆ ಹೊರಬಿಡುವ ವಾಲ್ವನ್ನೂ ಜೋಡಿಸಿದ. ಸೀಟಿಯ ದಾರಿ ಕಟ್ಟಿಕೊಂಡಾಗ ಅಥವಾ ನೀರು ಬತ್ತಿ ಪಾತ್ರೆ ಅತಿಯಾಗಿ ಕಾದಾಗ ನಮ್ಮ ಪ್ರಾಣ ಉಳಿಸುವುದು ಆ ವಾಲ್ವೇ. ಅದನ್ನು ಮುಚ್ಚುವುದೆಂದರೆ ಮನೆಯ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಅವಳ ಕುಕ್ಕರಿನ ಸೀಟಿ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಆಚೆಯ ಬೆಳಕು ಕಾಣಲಿಲ್ಲ. ಬೇಳೆಯ ನೊರೆ ಒಣಗಿ ಗಟ್ಟಿಯಾಗಿತ್ತು. ಕೊಳವೆ ಸ್ವಚ್ಛಗೊಳಿಸಿ, ಅದೇ ಕಂಪನಿಯ ಹೊಸ ವಾಲ್ವ್ ಹಾಕಿಸಿದ ಮೇಲೆ ಸೋರಿಕೆ ನಿಂತಿತು.

ಸಹೋದರಿಯರೇ, ಹೊಸ ಕುಕ್ಕರ್ ಕೊಳ್ಳುವ ಮೊದಲು ಹಬೆ ಎಲ್ಲಿಂದ ಹೋಗುತ್ತಿದೆಯೆಂದು ನೋಡಿ. ಕುಕ್ಕರಿನಲ್ಲಿ ಎರಡು ಲೋಟ ಬರೀ ನೀರು ಹಾಕಿ ಒಲೆಯ ಮೇಲಿಡಿ. ಮುಖ ಹತ್ತಿರ ಒಯ್ಯದೆ, ದೂರ ನಿಂತು ಗಮನಿಸಿ. ಮುಚ್ಚಳದ ಅಂಚಿನಲ್ಲಿ ನೀರು ಜಿನುಗಿದರೆ ರಬ್ಬರ್ ಸಡಿಲವಾಗಿದೆ ಅಥವಾ ಬಿರುಸಾಗಿದೆ. ಅದನ್ನು ತಣ್ಣೀರಿನಲ್ಲಿಟ್ಟು ಹಾಕಿದರೆ ನಾಲ್ಕು ದಿನ ನಡೆಯಬಹುದು, ಬದಲಾಯಿಸುವುದೇ ಸರಿ. ಹೊಸ ರಬ್ಬರಿಗೂ ಸೋರಿದರೆ ಪಾತ್ರೆಯ ಅಂಚು ನೆಗ್ಗಿದೆಯೇ, ಹಿಡಿಕೆಯ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಸೀಟಿಯ ಬುಡದಿಂದ ಸದಾ ಸುಸ್ಸೆಂದರೆ ಅಲ್ಲಿ ಕಸ ಕೂತಿರಬಹುದು. ವಾಲ್ವಿನಿಂದ ಹಬೆ ಬಂದರೆ ತಕ್ಷಣ ಒಲೆ ಆರಿಸಿ, ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆಗೆಯಿರಿ. ಬೇಳೆ ಉಕ್ಕುವ ಪದಾರ್ಥ, ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

ಎಲ್ಲಿಯೂ ಸೋರದೆ, ಸೀಟಿಯೂ ಸರಿಯಾಗಿ ಬಂದು, ಆದರೂ ಬೇಳೆ ಗಟ್ಟಿಯಾಗಿಯೇ ಉಳಿದರೆ? ಆಗ ಬೇಳೆ ಹಳೆಯದಿರಬಹುದು, ಇಲ್ಲವೇ ನೀರು ಗಡುಸಾಗಿರಬಹುದು. ಗಡುಸು ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೋರಿನ ನೀರು ಬಿಟ್ಟು ಒಮ್ಮೆ ಮಳೆನೀರಿನಲ್ಲಿ ಬೇಯಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಕೊಳವೆ, ರಬ್ಬರ್, ವಾಲ್ವ್, ಬೇಳೆ, ನೀರು ಎಲ್ಲವನ್ನೂ ನೋಡಿಯಾದ ಮೇಲೆ ಮಾತನಾಡೋಣ. ಅಷ್ಟರಲ್ಲಿ ಸೊಸೆಯ ತಪ್ಪು ಬಹುಶಃ ಉಳಿದಿರುವುದಿಲ್ಲ.