ಹೊಸ್ತಿಲಲ್ಲಿ ಎಡವಿದರೆ

ಧಾರವಾಡದ ಕಡೆ ಊರಿಗೆ ಹೊರಟವರು ಹೊಸ್ತಿಲಲ್ಲಿ ಎಡವಿದರೆ ಮನೆಯ ಹಿರಿಯರು ಒಂದು ಮಾತು ಹೇಳುವುದುಂಟು: "ತಡೀ, ಒಂದೀಟು ಕೂಡು. ನೀರು ಕುಡದು ಹೋಗು." ಗಮನಿಸಬೇಕಾದ ಸಂಗತಿಯೆಂದರೆ, ಅವರು "ಹೋಗಬ್ಯಾಡ" ಎನ್ನುವುದಿಲ್ಲ. ಕುಳಿತು ಉಸಿರು ತಗೊಂಡು ಹೋಗು ಎನ್ನುತ್ತಾರೆ, ಅಷ್ಟೇ. ಇವತ್ತು ದೂರ ಹೊರಡುವವರ ಹೊಸ್ತಿಲು ಮನೆಯ ಬಾಗಿಲಿನಿಂದ ವಿಮಾನ ನಿಲ್ದಾಣಕ್ಕೆ ಸರಿದಿದೆ. ಅದರಲ್ಲೂ ಸೈಕಲ್ಲನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಪರದೇಶ ಸುತ್ತಲು ಹೊರಟವರು ಒಂದು ಪೆಡಲನ್ನೂ ತುಳಿಯುವ ಮೊದಲೇ ಅಲ್ಲಿ ಎಡವುವುದು ಹೆಚ್ಚು.

ಅಳ್ನಾವರದ ಹುಡುಗಿಯೊಬ್ಬಳು ಹೀಗೆ ಹೊರಟಳೆಂದು ಇಟ್ಟುಕೊಳ್ಳೋಣ. ಕಾಲೇಜು ಮುಗಿದಿದೆ, ಎರಡು ವರ್ಷ ದುಡಿದು ಕೂಡಿಟ್ಟ ಹಣವಿದೆ, ಪರದೇಶದ ರಸ್ತೆಯಲ್ಲಿ ಒಂದು ತಿಂಗಳು ಸೈಕಲ್ ತುಳಿಯುವ ಆಸೆಯಿದೆ. ಊರಿಗೇನೂ ದಾರಿ ಹೊಸದಲ್ಲ. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುಹಾದಿಯಲ್ಲಿ ಅಳ್ನಾವರ ಒಂದು ಜಂಕ್ಷನ್. ದಾಂಡೇಲಿಯ ಕಡೆಗೆ ಕವಲು ಒಡೆಯುವುದು ಇಲ್ಲಿಯೇ. ಗಾಡಿ ಬದಲಿಸುವಾಗ ಗಂಟು ಎಣಿಸಿಕೊಳ್ಳಬೇಕೆಂಬುದು ಜಂಕ್ಷನ್ ಊರಿನ ಮಕ್ಕಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ವಿಮಾನದಲ್ಲಿ ಗಂಟು ಬದಲಿಸುವವರು ಬೇರೆಯವರು. ತೊಡಕು ಶುರುವಾಗುವುದು ಅಲ್ಲಿಯೇ.

ಮೊದಲನೆಯ ಎಡವು ಹೆಸರಿನದು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಒಂದೊಂದು ಕಾಗದದಲ್ಲಿ ಒಂದೊಂದು ಕ್ರಮ, ಒಂದೊಂದು ಸ್ಪೆಲ್ಲಿಂಗು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಟಿಕೆಟ್ಟಿನಲ್ಲಿಯೂ ಹೆಸರು ಇರಬೇಕು. ಇಲ್ಲದಿದ್ದರೆ ಕೌಂಟರಿನಲ್ಲಿಯೇ ಪ್ರಯಾಣ ನಿಲ್ಲಬಹುದು. ಇನ್ನೊಂದು, ನಡುವೆ ವಿಮಾನ ಬದಲಿಸುವ ದೇಶ. ಇಳಿಯದೆ ಹಾದುಹೋಗಲಿಕ್ಕೂ ವೀಸಾ ಕೇಳುವ ದೇಶಗಳಿವೆ. ಯುರೋಪಿನ ಷೆಂಗೆನ್ ವೀಸಾ ಬೇಕಾದರೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆಯ ಪತ್ರವನ್ನೂ ತೋರಿಸಬೇಕು. ಇವೆಲ್ಲ ಟಿಕೆಟ್ ಕೊಳ್ಳುವ ಮೊದಲು ನೋಡಬೇಕಾದ ವಿಷಯಗಳು.

ಎರಡನೆಯದು ಡಬ್ಬಿಯದು. ಸೈಕಲ್ ಇದೆಯೆಂದು ವಿಮಾನ ಸಂಸ್ಥೆಗೆ ಮುಂಗಡ ತಿಳಿಸಿ ಒಪ್ಪಿಗೆಯ ಪತ್ರ ಪಡೆಯದೆ ಹೋದರೆ ಜಾಗ ಸಿಗುವ ಭರವಸೆಯಿಲ್ಲ. ಅನೇಕ ಸಂಸ್ಥೆಗಳು ಒಂದು ಡಬ್ಬಿಗೆ 23 ಕಿಲೋ ಮಿತಿ ಹಾಕುತ್ತವೆ. ಮೀರಿದರೆ ಹೆಚ್ಚಿನ ದುಡ್ಡು. ಹುಬ್ಬಳ್ಳಿಯಂಥ ನಿಲ್ದಾಣದಿಂದ ಸಣ್ಣ ವಿಮಾನ ಹತ್ತುವುದಾದರೆ ಅಷ್ಟು ದೊಡ್ಡ ಡಬ್ಬಿ ಅದರೊಳಗೆ ಹಿಡಿಸುತ್ತದೆಯೇ ಎಂದು ಮೊದಲೇ ಕೇಳಬೇಕು. ಹಿಡಿಸದಿದ್ದರೆ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಒಯ್ಯುವುದೇ ಮೇಲು.

ಮೂರನೆಯದು ತಪಾಸಣೆ. ಪಾನಾ, ಸ್ಕ್ರೂಡ್ರೈವರ್‌ಗಳನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಅವು ಅಲ್ಲಿಯೇ ಉಳಿಯುತ್ತವೆ. ಅವುಗಳ ಜಾಗ ಡಬ್ಬಿ. ಪವರ್ ಬ್ಯಾಂಕಿನದು ಇದಕ್ಕೆ ತಿರುವುಮುರುವು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯ ಇರುವುದರಿಂದ ಅದು ಕೈಚೀಲದಲ್ಲಿಯೇ ಇರಬೇಕು. ಅದನ್ನು ಡಬ್ಬಿಗೆ ಹಾಕಿದರೆ ಯಂತ್ರದ ಕಣ್ಣಿಗೆ ಬೀಳುತ್ತದೆ. ಡಬ್ಬಿಯನ್ನು ಪಕ್ಕಕ್ಕೆ ಎಳೆದಿಡುತ್ತಾರೆ, ಹುಡುಗಿ ಹಾರುತ್ತಾಳೆ, ಸೈಕಲ್ ಹಾರುವುದಿಲ್ಲ. ಟಾಯರಿಗೆ ಗಾಳಿ ತುಂಬುವ ಪುಟ್ಟ ಗ್ಯಾಸ್ ಸಿಲಿಂಡರು ಒಯ್ಯಲು ಸಂಸ್ಥೆಯ ಅನುಮತಿ ಬೇಕು. ಕೈಪಂಪು ಒಯ್ದರೆ ಆ ಗೊಡವೆಯೇ ಇಲ್ಲ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಹೋಗುವವರು ಟಾಯರಿನ ಮಣ್ಣನ್ನು ಕೊನೆಯ ಕಣದವರೆಗೆ ತೊಳೆದಿರಬೇಕು. ಪರದೇಶದ ಮಣ್ಣಿನೊಡನೆ ಬೀಜ, ರೋಗಾಣು ಬಂದಾವೆಂದು ಆ ದೇಶಗಳು ಬಳಸಿದ ಸೈಕಲ್ಲುಗಳನ್ನು ಕಟ್ಟುನಿಟ್ಟಾಗಿ ನೋಡುತ್ತವೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಇಳಿದ ಊರಿನಲ್ಲಿ ಡಬ್ಬಿ ಬಾರದೆ ಇರಬಹುದು. ಪಟ್ಟಿ ತಿರುಗುತ್ತದೆ, ಉಳಿದವರೆಲ್ಲ ತಮ್ಮ ಸಾಮಾನು ಎತ್ತಿಕೊಂಡು ಹೋಗುತ್ತಾರೆ, ಕೊನೆಗೆ ಪಟ್ಟಿಯೂ ನಿಲ್ಲುತ್ತದೆ. ವಿಮಾನಯಾನ ಲೋಕದ ಲೆಕ್ಕದ ಪ್ರಕಾರ 2023ರಲ್ಲಿ ಸಾವಿರ ಪ್ರಯಾಣಿಕರಿಗೆ ಸುಮಾರು 7 ಚೀಲಗಳು ಹೀಗೆ ತಡವಾದವು, ಕೆಟ್ಟವು ಅಥವಾ ಕಳೆದವು. ಅರ್ಧಕ್ಕೆ ಹತ್ತಿರದಷ್ಟು ಪ್ರಕರಣಗಳಿಗೆ ಕಾರಣ ಒಂದೇ: ವಿಮಾನ ಬದಲಾವಣೆ. ಎಂದರೆ ಇದು ಜಂಕ್ಷನ್ನಿನ ಕಥೆಯೇ. ಮೊದಲ ವಿಮಾನ ತಡವಾಗಿ ಇಳಿದರೆ ಮನುಷ್ಯ ಓಡಿಹೋಗಿ ಎರಡನೆಯದನ್ನು ಹಿಡಿಯಬಲ್ಲ, ಡಬ್ಬಿಗೆ ಕಾಲಿಲ್ಲ. ಆದ್ದರಿಂದ ಎರಡು ವಿಮಾನಗಳ ನಡುವೆ ಮೂರು ತಾಸಾದರೂ ಬಿಡುವು ಇರುವ ಟಿಕೆಟ್ಟು ಒಳ್ಳೆಯದು. ನೂರಿನ್ನೂರು ರೂಪಾಯಿ ಉಳಿತಾಯಕ್ಕೆ ಒಂದು ತಾಸಿನ ಬದಲಾವಣೆ ಆರಿಸಿಕೊಂಡರೆ ಸೈಕಲ್ಲು ಹಿಂದೆ ಉಳಿದೀತು. ಡಬ್ಬಿ ಒಪ್ಪಿಸುವಾಗ ಅಂಟಿಸುವ ಚೀಟಿಯ ಮೇಲಿನ ಮೂರಕ್ಷರವನ್ನೂ ಓದಿಕೊಳ್ಳಬೇಕು. ಅಳ್ನಾವರ ನಿಲ್ದಾಣಕ್ಕೆ ರೈಲ್ವೆ ಎಲ್‌ಡಬ್ಲ್ಯುಆರ್ ಎಂದು ಗುರುತಿಟ್ಟಂತೆ ಪ್ರತಿ ವಿಮಾನ ನಿಲ್ದಾಣಕ್ಕೂ ಮೂರಕ್ಷರದ ಗುರುತಿದೆ, ಹುಬ್ಬಳ್ಳಿಯದು ಎಚ್‌ಬಿಎಕ್ಸ್. ತಾನು ಇಳಿಯುವ ಊರಿನ ಅಕ್ಷರವೇ ಚೀಟಿಯ ಮೇಲೆ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ಡಬ್ಬಿ ಬಾರದಾಗ ಮಾಡಬಾರದ ಕೆಲಸವೆಂದರೆ ಅಳುತ್ತ ಹೊರಗೆ ನಡೆದುಬಿಡುವುದು. ನಿಲ್ದಾಣದಿಂದ ಹೊರಬೀಳುವ ಮೊದಲೇ ಸಾಮಾನಿನ ಕೌಂಟರಿಗೆ ಹೋಗಿ ದೂರು ಬರೆಸಿ, ನಂಬರಿರುವ ಚೀಟಿ ಪಡೆಯಬೇಕು. ಉಳಿಯುವ ವಿಳಾಸ ಕೊಡಬೇಕು. ಇದಕ್ಕೆ ಕಾನೂನಿನ ಬಲವಿದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರಂತೆ ಸಾಮಾನು ಕೆಟ್ಟಿದ್ದರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಪರಿಹಾರದ ಗರಿಷ್ಠ ಮಿತಿಯನ್ನು 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್ ಎಂದು ಏರಿಸಲಾಗಿದೆ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ರೂಪಾಯಿಯಲ್ಲಿ ಈ ಮೊತ್ತ ಒಂದೂವರೆ ಲಕ್ಷವನ್ನು ಮೀರುತ್ತದೆ. ಅದು ಗರಿಷ್ಠ ಮಿತಿ. ಕೇಳಿದಷ್ಟೂ ಸಿಗುತ್ತದೆಂದು ಅರ್ಥವಲ್ಲ. ಸೈಕಲ್ಲಿನ ಬಿಲ್ಲು, ಡಬ್ಬಿ ಕಟ್ಟುವ ಮುಂಚಿನ ಫೋಟೋ, ಅಲ್ಲಿ ಕೊಂಡ ಬಟ್ಟೆಬರೆಯ ರಸೀದಿ ಇದ್ದವರ ಮಾತಿಗೆ ತೂಕ ಬರುತ್ತದೆ.

ಹಾಗೆ ತಪ್ಪಿದ ಚೀಲಗಳಲ್ಲಿ ಬಹುಪಾಲು ಎರಡು ದಿನದೊಳಗೆ ಮರಳುತ್ತವೆ. ಕಷ್ಟ ಇರುವುದು ಆ ಎರಡು ದಿನದಲ್ಲಿ, ಅದರಲ್ಲೂ ಮೊದಲ ರಾತ್ರಿಯಲ್ಲಿ. ಹುಡುಗಿ ಪರಊರಿನ ಕೋಣೆಯಿಂದ ಮನೆಗೆ ಫೋನು ಮಾಡುತ್ತಾಳೆ. ಅಪ್ಪನ ಬಾಯಿಗೆ ಮೊದಲು ಬರುವ ಮಾತು ಇದು: "ನಾ ಮೊದಲ ಹೇಳಿದ್ದೆ. ಇಷ್ಟು ತ್ರಾಸ ಯಾಕ ಬೇಕಾಗಿತ್ತು? ವಾಪಸ್ ಬಂದುಬಿಡವ್ವಾ." ಪ್ರೀತಿಯಿಂದಲೇ ಬಂದ ಮಾತು, ಸುಳ್ಳಲ್ಲ. ಆದರೆ ಆ ಒಂದು ಮಾತಿಗೆ ಎರಡು ವರ್ಷದ ದುಡಿಮೆ ಮುಗ್ಗರಿಸಿ ಬೀಳಬಹುದು. ಅದೇ ಅಪ್ಪ, "ಚೀಟಿ ತಗೊಂಡಿ ಇಲ್ಲೋ? ತಗೊಂಡಿದ್ರ ಉಂಡು ಮಲಕೋ. ನಾಳೆ ಮತ್ತ ಕೇಳೋಣು" ಎಂದರೆ? ಅದು ಹೊಸ್ತಿಲಲ್ಲಿ ಕೊಟ್ಟ ಒಂದು ತಂಬಿಗೆ ನೀರು. ಮಗಳಿಗೆ ಬೇಕಾದದ್ದು ಅಷ್ಟೇ.

ಎಡವದೆ ಹೋದವರು ಯಾರೂ ಇಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟರು. 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಬಂದವರು ಮೂವರೇ: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತಮ್ ಭೂಮ್‌ಗರಾ. ತುಳಿದದ್ದು ಸುಮಾರು 71,000 ಕಿ.ಮೀ. ನಮ್ಮ ಕಾಲದಲ್ಲಿ ಪುಣೆಯ ವೇದಾಂಗಿ ಕುಲಕರ್ಣಿ 2018ರಲ್ಲಿ ಆಸ್ಟ್ರೇಲಿಯದ ಪರ್ತ್‌ನಿಂದ ಹೊರಟು ಸುಮಾರು 29,000 ಕಿ.ಮೀ. ಸುತ್ತಿದಳು. ಆಗ ಅವಳಿಗೆ ಇಪ್ಪತ್ತರ ಪ್ರಾಯ. ವೀಸಾದ ತೊಡಕು, ಸ್ಪೇನಿನಲ್ಲಿ ಚಾಕು ತೋರಿಸಿದ ಕಳ್ಳರು, ಕೆನಡಾದಲ್ಲಿ ಬೆನ್ನು ಹತ್ತಿದ ಕರಡಿ ಎಲ್ಲವೂ ಅವಳ ದಾರಿಯಲ್ಲಿದ್ದವು. ಅವುಗಳ ಮುಂದೆ ಎರಡು ದಿನ ತಡವಾದ ಡಬ್ಬಿ ದೊಡ್ಡದೆನಿಸುವುದಿಲ್ಲ.

ಪಾಲಕರು ಮಾಡಬಹುದಾದ ಒಂದು ಕೆಲಸ ಮನೆಯ ಅಂಗಳದಲ್ಲಿಯೇ ಇದೆ. ಹೊರಡುವ ತಿಂಗಳ ಮೊದಲು ಸೈಕಲ್ ಅಂಗಡಿಯಿಂದ ಒಂದು ರಟ್ಟಿನ ಡಬ್ಬಿ ತಂದು, ಮಗಳೇ ಸೈಕಲ್ ಬಿಚ್ಚಿ ಕಟ್ಟಲಿ. ಎಡಗಡೆಯ ಪೆಡಲು ಬಿಚ್ಚಲು ಉಲ್ಟಾ ತಿರುಗಿಸಬೇಕೆಂಬುದು ಆಗಲೇ ತಿಳಿಯಲಿ. ಮುಂದಿನ ಗಾಲಿ ತೆಗೆದ ಮೇಲೆ ಫೋರ್ಕು ಅಮುಕಿಹೋಗದಂತೆ ನಡುವೆ ಕಟ್ಟಿಗೆಯ ತುಂಡು ಸಿಗಿಸಲಿ, ಹಿಂದಿನ ಗೇರಿನ ಭಾಗ ಬಾಗದಂತೆ ಬಿಚ್ಚಿ ಅರಿವೆ ಸುತ್ತಲಿ, ನಟ್ಟು ಬೋಲ್ಟುಗಳನ್ನು ಒಂದೇ ಚೀಲದಲ್ಲಿ ಕಟ್ಟಿ ಫ್ರೇಮಿಗೆ ಬಿಗಿಯಲಿ. ಡಬ್ಬಿ ತೂಗಿ ನೋಡಿ, ಮತ್ತೆ ಬಿಚ್ಚಿ, ಮತ್ತೆ ಜೋಡಿಸಿ, ಹಳಿಯಾಳದ ತನಕ ಹೋಗಿ ಬರಲಿ. ಅಪ್ಪ ಪಾನಾ ಕಸಿದುಕೊಂಡು ತಾನೇ ತಿರುಗಿಸಬಾರದು; ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಒಂದು ನಟ್ಟು ಕಳೆದರೆ ಮನೆಯಲ್ಲಿಯೇ ಕಳೆಯಲಿ. ಅದನ್ನು ಹುಡುಕುವ ತಾಳ್ಮೆ ಅಲ್ಲಿಯೇ ಬರಲಿ.